ಕೊನೆಯ ಬೋಗಿಯ ಕೆಂಪು ದೀಪ

ಆ ನಗು ಇನ್ನೂ ಹೋಗಿರಲಿಲ್ಲ. ಹೋದ ಭಾನುವಾರ ಈ ಗುಜರಾತಿ ಊರಿನ ಅಲ್ಕಾಪುರಿಯ ಕನ್ನಡ ಸಂಘದ ಕೋಣೆಯಲ್ಲಿ ಎದ್ದ ನಗು ಅದು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದವರು ಕಾಫಿ ಚೆಲ್ಲಬಾರದೆಂದು ಲೋಟವನ್ನು ಎತ್ತಿ ಹಿಡಿದುಕೊಂಡು ನಕ್ಕಿದ್ದರು. ವಾರವಾದರೂ ಅದು ಭೀಮಸೇನನ ಕಿವಿಯೊಳಗೇ ಉಳಿದುಬಿಟ್ಟಿತ್ತು. ಹಲ್ಲುಜ್ಜುವಾಗ ಕೇಳುತ್ತಿತ್ತು, ಸಂಧ್ಯಾವಂದನೆಗೆ ಕೂತು ಅಂಗೈಯಲ್ಲಿ ನೀರು ಹಿಡಿದಾಗ ಕೇಳುತ್ತಿತ್ತು, ಟಿವಿಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರೆ ಅವರ ದನಿಯ ಹಿಂದೆಯೂ ಇತ್ತು. ವಿಚಿತ್ರವೆಂದರೆ ಮೊದಲ ದಿನ ಅದು ಅವನಿಗೆ ಹಿತವಾಗಿಯೇ ಇತ್ತು. ನಗಿಸಿದವನು ಅವನೇ. ಸಂಘದ ಕಾರ್ಯದರ್ಶಿ ಅನಂತರಾಮ, ವಿಮಾ ಕಂಪನಿಯ ಮೈಸೂರಿನ ಮನುಷ್ಯ, ಭೀಮಸೇನನ ಮಗಳು ಪೂರ್ವಿಯನ್ನು ಹತ್ತಿರ ಕರೆದು "ಏನಮ್ಮಾ, ಯಾವುದರ ಮೇಲೆ ನಿನ್ನ ರಿಸರ್ಚು? ನಮಗೂ ಸ್ವಲ್ಪ ಹೇಳು" ಎಂದಿದ್ದರು. ಪೂರ್ವಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಮೆದುಳಿನಾಗ ಒಂದು ಸೆಲ್ ಅದ... ಎರಡು ನರ ಮಾತಾಡತಾವಲ್ಲ, ಅವುಗಳ ಬಾಜೂಕ... ಅದು ಏನು ಮಾಡತದ ಅಂದ್ರ..." ಎಂದು ನಿಂತಳು. ಎಲ್ಲರೂ ಕಾಯುತ್ತಿದ್ದರು. ಆ ಮೌನ ಭೀಮಸೇನನಿಗೆ ತಡೆಯಲಾಗಲಿಲ್ಲ. "ಕಸಾ ಗುಡಸ್ತದರೀ! ನಮ್ಮ ಹುಡುಗಿ ಮೆದುಳಿನ ಪೌರಕಾರ್ಮಿಕರ ಮ್ಯಾಲೆ ಪಿಎಚ್‌ಡಿ ಮಾಡಲಿಕ್ಕತ್ತಾಳ" ಎಂದುಬಿಟ್ಟ. ಆಗ ಎದ್ದದ್ದು ಆ ನಗು. ಪೂರ್ವಿಯೂ ನಕ್ಕಳು. ಅದು ಅವನಿಗೆ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ಆಮೇಲೆ ಅವನು ಆ ನಗುವನ್ನೇ ಸಾಕ್ಷಿಯಾಗಿ ಮತ್ತೆ ಮತ್ತೆ ಕರೆದಿದ್ದ.

ಮಾರನೆಯ ಬೆಳಿಗ್ಗೆ ಪೂರ್ವಿ ಬ್ಯಾಗು ಹೆಗಲಿಗೆ ಹಾಕಿಕೊಂಡು, ಪ್ರಯೋಗ ಬಹಳ ಇದೆ, ಫತೇಗಂಜ್‌ನಲ್ಲಿ ಗೆಳತಿಯ ಕೋಣೆಯಲ್ಲಿ ಇರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೋದಳು. ಅಪ್ಪನಿಗೆ ಹೇಳಲಿಲ್ಲ. ಮುಂದಿನ ಭಾನುವಾರ ಸಂಘದಲ್ಲಿ ತನ್ನ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದವಳು, ನನ್ನನ್ನು ಬಿಟ್ಟುಬಿಡಿ ಎಂದು ಅನಂತರಾಮರಿಗೆ ಫೋನು ಮಾಡಿದಳಂತೆ. ಭೀಮಸೇನ ಎರಡು ಮೂರು ಸಲ ಫೋನು ಮಾಡಿದ. "ಲ್ಯಾಬಿನಾಗ ಇದ್ದೀನಿ" ಎಂದಷ್ಟೇ ಬಂತು. ಹುಟ್ಟಿದಾಗಿನಿಂದ ಅವಳು ಅವನ ಮೇಲೆ ಸಿಟ್ಟಾದದ್ದು ಇಲ್ಲವೆಂದಲ್ಲ. ಆದರೆ ಸಿಟ್ಟಾದರೆ ಬಾಗಿಲು ಬಡಿಯುತ್ತಿದ್ದಳು, ಗುಜರಾತಿಯಲ್ಲಿ ಜಗಳವಾಡುತ್ತಿದ್ದಳು, ಗುಜರಾತಿಯಲ್ಲಿ ಅವಳ ನಾಲಗೆ ಕತ್ತರಿಯ ಹಾಗೆ ಓಡುತ್ತಿತ್ತು. ಈ ಸಲ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗಿದ್ದಳು. ಅದು ಅವನನ್ನು ಹೆದರಿಸಿತ್ತು.

ಇವತ್ತು ಭಾನುವಾರ ಮತ್ತೆ ಬಂದಿತ್ತು. ಸಂಜೆ ಸಂಘದಲ್ಲಿ ಪೂರ್ವಿಯ ಭಾಷಣದ ಬದಲು ಭಜನೆ ಇಟ್ಟುಕೊಂಡಿದ್ದಾರೆ ಎಂದು ಬೆಳಿಗ್ಗೆಯೇ ಫೋನಿಗೆ ಸಂದೇಶ ಬಂದಿತ್ತು. ಅವನ ಹೆಂಡತಿ ಕಮಲಾಕ್ಷಿ ಮಾತಾಡದೆ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ, ಮೊಸರು, ಎಣಗಾಯಿ ಎಲ್ಲ ಬುತ್ತಿಗೆ ಕಟ್ಟಿ ಅವನ ಮುಂದಿಟ್ಟಳು. ಹೋಗಿ ಕೊಟ್ಟು ಬನ್ನಿ ಎಂದು ಹೇಳಬೇಕಾಗಿರಲಿಲ್ಲ.

"ರೊಟ್ಟಿಗೆ ಒದ್ದಿ ಅರಬಿ..." ಎಂದಳು ಕಮಲಾಕ್ಷಿ.

"ಒದ್ದೆ ಬಟ್ಟಿ ಸುತ್ತತೀನಿ, ಗೊತ್ತಾತು."

"ಸುತ್ತಬ್ಯಾಡ್ರಿ ಅಂತ ಹೇಳಲಿಕ್ಕತ್ತೀನಿ. ಸೆಕೀಗೆ ಬೂಸರ ಬರತಾವ." ಆಮೇಲೆ ಸ್ವಲ್ಪ ತಡೆದು, "ಅಕಿಗೆ ಬ್ಯಾಸರಾಗಿದ್ದು, ನೀವು ಅವತ್ತ ಅಲ್ಲೆ..."

"ಕಸಾ ಅಂದದ್ದಕ್ಕ. ವಾರಾಯ್ತು, ಅದನ್ನs ಎಷ್ಟ ಸಲ ಹೇಳತೀ?"

ಕಮಲಾಕ್ಷಿ ಬಾಯಿ ಮುಚ್ಚಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಲ್ಲಿ ನಿಂತುಹೋದಾಗ ಕೊಡ ಎತ್ತಿಕೊಂಡು ಒಳಗೆ ಹೋಗುವವಳ ಮುಖ ಅದು. ಅವಳು ಹಾಗೆ ಅರ್ಧಕ್ಕೆ ನಿಲ್ಲಿಸುವುದು ಹೊಸದಲ್ಲವಾದ್ದರಿಂದ ಅವನು ಗಮನಿಸಲಿಲ್ಲ.

ಸ್ಕೂಟರಿನ ಕಾಲ ಬಳಿ ಬುತ್ತಿ ಇಟ್ಟುಕೊಂಡು ಪ್ರತಾಪನಗರದಿಂದ ಹೊರಟವನು ದಾರಿಯಲ್ಲೆಲ್ಲ ಪೂರ್ವಿಯ ಸಂಶೋಧನೆಯ ಆ ನಕ್ಷತ್ರದ ಆಕಾರದ ಜೀವಕೋಶಗಳನ್ನೇ ಯೋಚಿಸುತ್ತಿದ್ದ. ತಪ್ಪಿತಸ್ಥನಂತೆ ಕೂತು ಈ ವಾರವಿಡೀ ಅವುಗಳ ಬಗ್ಗೆ ಫೋನಿನಲ್ಲಿ ಓದಿದ್ದ. ಕ್ಷಮೆ ಕೇಳುವುದಾದರೆ ಯಾವುದಕ್ಕೆ ಕೇಳುತ್ತಿದ್ದೇನೆ ಎಂದಾದರೂ ಗೊತ್ತಿರಬೇಕಲ್ಲ ಎಂದು ಶುರುವಾದದ್ದು, ಆಮೇಲೆ ನಿಜವಾದ ಕುತೂಹಲವಾಗಿ ತಿರುಗಿಬಿಟ್ಟಿತ್ತು. ಒಂದು ನರಕೋಶದ ತುದಿ, ಇನ್ನೊಂದರ ತುದಿ, ನಡುವೆ ಕೂದಲಿಗಿಂತ ಎಷ್ಟೋ ಪಾಲು ಕಿರಿದಾದ ಸಂದು. ಈ ಕಡೆಯದು ಒಂದು ರಸವನ್ನು ಸಂದಿಗೆ ಉಗುಳುತ್ತದೆ, ಆ ಕಡೆಯದಕ್ಕೆ ಅದು ಮುಟ್ಟಿದರೆ ಸುದ್ದಿ ಮುಟ್ಟಿದ ಹಾಗೆ. ಅಲ್ಲಿಯವರೆಗೆ ಅವನಿಗೆ ಸಲೀಸಾಗಿ ತಿಳಿದಿತ್ತು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿ ಹಣ್ಣಾದವನಿಗೆ ಎರಡು ಕಡೆ, ನಡುವೆ ಒಂದು ದಾರಿ, ಇದು ಹೊಸ ಮಾತೇ ಅಲ್ಲ. ಅವನನ್ನು ಕಾಡಿದ ಪ್ರಶ್ನೆ ಬೇರೆ. ಮುಟ್ಟಿದ ಮೇಲೆ? ಆ ರಸ ಅಲ್ಲೇ ಉಳಿದರೆ ಹಳೆಯ ಸುದ್ದಿಯೇ ಹೊಡೆದುಕೊಳ್ಳುತ್ತಿರುತ್ತದೆ, ಹೊಸ ಸುದ್ದಿ ಬಂದದ್ದು ಗೊತ್ತಾಗುವುದು ಹೇಗೆ? ಸಂದು ಖಾಲಿಯಾಯಿತು, ಮುಂದಿನದನ್ನು ಬಿಡಬಹುದು ಎಂದು ಅಲ್ಲಿ ಹೇಳುವವರು ಯಾರು?

ಮೇಲ್ಸೇತುವೆಯ ಮೇಲೆ ಬಂದಾಗ ಕೆಳಗೆ ಅಹಮದಾಬಾದ್ ಕಡೆಗೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ಸ್ಕೂಟರು ತಾನಾಗಿ ನಿಂತಿತು, ಅಥವಾ ಅವನ ಕೈ ನಿಲ್ಲಿಸಿತು. ನಿವೃತ್ತನಾದರೂ ಈ ಚಟ ಹೋಗಿಲ್ಲ: ರೈಲು ಕಂಡರೆ ಅದರ ಬಾಲ ಕಾಣುವವರೆಗೆ ನಿಲ್ಲಬೇಕು. ಕೊನೆಯ ಬೋಗಿಯ ಬೆನ್ನಿಗೆ ರಾತ್ರಿಯಾದರೆ ಕೆಂಪು ದೀಪ, ಹಗಲಾದರೆ ಒಂದು ಫಲಕ. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಮಾಸ್ತರ, ಗಾಡಿ ಪೂರ್ತಿ ಬಂತು, ದಾರಿ ಖಾಲಿ ಎಂದು ಹಿಂದಿನ ಸ್ಟೇಷನ್ನಿಗೆ ಹೇಳಬೇಕು. ನೋಡದೆ ಹೇಳಿದರೆ ಅದಕ್ಕಿಂತ ದೊಡ್ಡ ಪಾಪ ಆ ಕೆಲಸದಲ್ಲಿ ಇಲ್ಲ. ಯಾಕೆಂದರೆ ಗಾಡಿ ನಡುದಾರಿಯಲ್ಲಿ ಎರಡು ತುಂಡಾಗಿ, ಎಂಜಿನ್ನು ಅರ್ಧವನ್ನಷ್ಟೇ ಎಳೆದುಕೊಂಡು ಬಂದಿರಬಹುದು, ಉಳಿದರ್ಧ ಕತ್ತಲಲ್ಲಿ ಹಳಿಯ ಮೇಲೆಯೇ ನಿಂತಿರಬಹುದು. ಸೂರತ್ ಕಡೆಯ ಒಂದು ಕವಲು ದಾರಿಯ ಸಣ್ಣ ಸ್ಟೇಷನ್ನಿನಲ್ಲಿ ಅವನಿದ್ದಾಗ ಪೂರ್ವಿ ಇನ್ನೂ ಫ್ರಾಕಿನ ಹುಡುಗಿ. ಸಂಜೆ ಅವನ ಪಕ್ಕ ನಿಂತು ಹೋಗುವ ಗಾಡಿ ನೋಡುತ್ತಿದ್ದಳು. ಒಮ್ಮೆ ಕೆಂಪು ದೀಪ ತಿರುವಿನಲ್ಲಿ ಮರೆಯಾದಾಗ ಅವನ ಬೆರಳು ಜಗ್ಗಿ, "ಅಪ್ಪಾ, ದೀಪ... ಆ ದೀಪ..." ಎಂದಳು. "ಹೋತು, ಊರಿಗೆ ಹೋತು" ಎಂದ ಅವನು. ಅವಳು ಅಲ್ಲವೆಂದು ತಲೆ ಅಲ್ಲಾಡಿಸಿ, ಏನು ಹೇಳಿದರೂ ಸಮಾಧಾನವಾಗದೆ ಅತ್ತಿದ್ದಳು. ಈಗ ಇದು ಯಾಕೆ ನೆನಪಾಯಿತೋ. ಹಿಂದಿನಿಂದ ಯಾವುದೋ ರಿಕ್ಷಾ ಹಾರ್ನು ಹೊಡೆಯಿತು. ಗೂಡ್ಸಿನ ಬೆನ್ನಿನ ಫಲಕ ಕಂಡಿತು. ಅವನು ಸ್ಕೂಟರು ಚಾಲೂ ಮಾಡಿದ.

ವಿಶ್ವವಿದ್ಯಾಲಯದಲ್ಲಿ ಪೂರ್ವಿಯ ವಿಭಾಗದ ಗೇಟಿನಲ್ಲಿ ಕಾವಲುಗಾರ ಕುರ್ಚಿಯಿಂದ ಏಳದೆ, "ಕಾಕಾ, ಆಗಳ್‌ನೋ ದರ್ವಾಜೋ..." ಎಂದು ಶುರು ಮಾಡಿದ. "ಹಾ ಹಾ, ಆಗಳ್ ದರ್ವಾಜೋ, ಖಬರ್ ಛೇ" ಎಂದು ಭೀಮಸೇನ ಮುಂದಿನ ಬಾಗಿಲಿನ ಕಡೆ ಧಾವಿಸಿ, ಮೆಟ್ಟಿಲು ಹತ್ತಿ ನೋಡಿದರೆ ಬೀಗ. ಭಾನುವಾರ ಮುಂದಿನ ಬಾಗಿಲು ತೆರೆಯುವುದಿಲ್ಲ ಎಂದು ಹೇಳಲು ಹೊರಟಿದ್ದ ಆ ಮನುಷ್ಯ. ವಾಪಸು ಬಂದಾಗ ಅವನು ಏನೂ ಅನ್ನದೆ ಗದ್ದದಿಂದ ಹಿಂಬಾಗಿಲನ್ನು ತೋರಿಸಿದ. ಆ ಗದ್ದ ಭೀಮಸೇನನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಇಂಥ ಸಣ್ಣ ಅವಮಾನಗಳು ನಿವೃತ್ತಿಯ ಮೇಲೆ ಜಾಸ್ತಿಯಾಗಿವೆ ಎಂದುಕೊಂಡ. ಬಿಳಿ ಯೂನಿಫಾರ್ಮಿನಲ್ಲಿದ್ದಾಗ ಅವನ ಅರ್ಧ ಮಾತಿಗೆ ಗಾಡಿಗಳು ನಿಲ್ಲುತ್ತಿದ್ದವು.

ಲ್ಯಾಬಿನ ಬಾಗಿಲು ತೆರೆದವಳು ನೇಹಾ, ಪೂರ್ವಿಯ ಜೊತೆ ಕೆಲಸ ಮಾಡುವ ಗುಜರಾತಿ ಹುಡುಗಿ. ಅವನನ್ನು ನೋಡಿದ್ದೇ ಕೈಗವಸಿನ ಕೈ ಜೋಡಿಸಿ, "ಆಯಿಯೇ ಅಂಕಲ್, ಸಫಾಯಿ ಡಿಪಾರ್ಟ್‌ಮೆಂಟ್ ಮೇ ಸ್ವಾಗತ್ ಹೈ" ಎಂದು ನಕ್ಕಳು. ಭೀಮಸೇನನ ಮುಖ ಬಿಸಿಯಾಯಿತು. ಹಾಗಾದರೆ ಆ ಮಾತು ಇಲ್ಲಿಗೂ ಬಂದಿದೆ. ಅಲ್ಲಿಂದ ಮಗಳು ಅದನ್ನು ಹೊತ್ತುಕೊಂಡು ಬಂದು ಇಲ್ಲಿ ಯಾರ ಮುಂದೋ ಬಿಕ್ಕಿದ್ದಾಳೆ. ಆದರೆ ನೇಹಾ ನಗುತ್ತಲೇ ಒಳಗಿನ ಒಂದು ಪೆಟ್ಟಿಗೆಯ ಕಡೆ ತೋರಿಸಿದಳು. ಜೀವಕೋಶಗಳನ್ನು ಬೆಚ್ಚಗೆ ಇಡುವ ಆ ಪೆಟ್ಟಿಗೆಯ ಬಾಗಿಲಿಗೆ ಪೂರ್ವಿಯ ಅಕ್ಷರದಲ್ಲಿ 'ಸಫಾಯಿ ವಿಭಾಗ' ಎಂದು ಬರೆದ ಚೀಟಿ ಅಂಟಿಸಿತ್ತು, ಪಕ್ಕದಲ್ಲಿ ಒಂದು ಪೊರಕೆಯ ಚಿತ್ರ. ಚಿತ್ರ ಮುದ್ದಾಗಿತ್ತು. ನೊಂದವರು ಹೀಗೆ ಪೊರಕೆಗೆ ಕಣ್ಣು ಮೂಗು ಬರೆಯುತ್ತಾರೆಯೇ? ಭೀಮಸೇನನಿಗೆ ಮೊದಲ ಬಾರಿಗೆ ತನ್ನ ಲೆಕ್ಕ ಎಲ್ಲೋ ತಪ್ಪಿದೆ ಅನಿಸಿತು.

ಪೂರ್ವಿ ಒಳಗಿನ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಳು. ತಿರುಗಿ ನೋಡಿ, "ಅಪ್ಪಾ?" ಎಂದಳು. ಆ ಒಂದು ಶಬ್ದದಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಬುತ್ತಿಯನ್ನು ಅವಳ ಕಡೆ ಚಾಚಿ, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದನೋ ಅದೆಲ್ಲ ಬಿಟ್ಟು ಭೀಮಸೇನ ಕೇಳಿದ್ದು: "ಆ ಸಂದಿಯೊಳಗ, ದಾರಿ ಖಾಲಿ ಅದ ಅಂತ ಹೇಳೋರು ಯಾರವಾ?"

ಪೂರ್ವಿ ಅವನನ್ನೇ ನೋಡಿದಳು. ಅವಳ ಹುಬ್ಬು ಮೇಲೆ ಹೋಯಿತು. ಅವಳ ಹುಬ್ಬು ಅವನದ್ದೇ, ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. "ಯಾರೂ ಹೇಳೋದಿಲ್ಲ" ಎಂದಳು. ಆಮೇಲೆ, "ಬಾ. ಕೂಡು. ಏನೂ ಮುಟ್ಟಬ್ಯಾಡ."

ಅವಳು ಪರದೆಯ ಮೇಲೆ ಎರಡು ಗಾಜಿನ ತಟ್ಟೆಗಳ ಚಿತ್ರ ತೋರಿಸಿದಳು. ಎರಡರಲ್ಲೂ ಇಲಿಯ ಮೆದುಳಿನಿಂದ ತೆಗೆದು ಬೆಳೆಸಿದ ನರಕೋಶಗಳು, ಎಳೆ ಬೇರಿನ ಹಾಗೆ ಒಂದಕ್ಕೊಂದು ಕೈಚಾಚಿಕೊಂಡಿದ್ದವು. ಒಂದು ತಟ್ಟೆಯಲ್ಲಿ ನರಕೋಶಗಳು ಮಾತ್ರ. ಇನ್ನೊಂದರಲ್ಲಿ ಅವುಗಳ ಸುತ್ತ ನಕ್ಷತ್ರಕೋಶಗಳೂ ಇದ್ದವು, ಆಸ್ಟ್ರೋಸೈಟ್ ಎಂದು ಅವಳು ಹೇಳಿದಳು. ಆ ರಸ, ಗ್ಲುಟಮೇಟು, ಎಲ್ಲಿ ಸುರಿಯುತ್ತದೋ ಅಲ್ಲಿ ಹಸಿರು ಬೆಳಕಾಗುವ ಹಾಗೆ ಮಾಡಿಟ್ಟಿದ್ದಳು. ನಿಜವಾಗಿ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ, ನಾನು ನಿನಗಾಗಿ ನಿಧಾನ ಮಾಡಿ ತೋರಿಸುತ್ತೇನೆ ಎಂದಳು. ಮೊದಲು ನಕ್ಷತ್ರಕೋಶಗಳಿದ್ದ ತಟ್ಟೆ. ಒಂದು ಕಡೆ ಹಸಿರು ಮಿನುಗಿತು, ಮಿನುಗಿ ಆರಿತು. ಮತ್ತೆ ಮಿನುಗಿತು, ಆರಿತು. ಪ್ರತಿಯೊಂದೂ ಬೇರೆ ಬೇರೆ, ಎಣಿಸಬಹುದಿತ್ತು. ಆಮೇಲೆ ಇನ್ನೊಂದು ತಟ್ಟೆ. ಹಸಿರು ಮಿನುಗಿತು, ಆರಲಿಲ್ಲ. ಅದರ ಮೇಲೆಯೇ ಇನ್ನೊಂದು ಬಂತು, ಮತ್ತೊಂದು ಬಂತು, ಹರಡಿತು. ಸ್ವಲ್ಪ ಹೊತ್ತಿನಲ್ಲಿ ಯಾವುದು ಮೊದಲಿನದು ಯಾವುದು ಆಮೇಲಿನದು ತಿಳಿಯದೆ ಇಡೀ ಮೂಲೆ ಮಬ್ಬು ಹಸಿರಾಯಿತು. ಭೀಮಸೇನ ಕುರ್ಚಿಯ ತುದಿಗೆ ಬಂದಿದ್ದ. ಅವನ ತಲೆಯೊಳಗಿನ ನಗುವನ್ನು ಯಾರೋ ಪರದೆಯ ಮೇಲೆ ಬಿಟ್ಟ ಹಾಗಿತ್ತು.

"ಆಮ್ಯಾಲೆ ಏನಾಗತದ ಇವಕ್ಕ?"

"ಸಾಯತಾವ" ಎಂದಳು ಪೂರ್ವಿ. "ತಾವs ಬಿಟ್ಟ ಸಿಗ್ನಲ್‌ನಿಂದ ತಾವs ಸಾಯತಾವ. ತುಂಬಾ ಹೊತ್ತು ಇದ್ರ ಅದು ಪಾಯ್ಸನ್."

"ನಾ ಏನ್ ತಿಳಕೊಂಡಿದ್ದೆ ಅಂದ್ರ, ಅದು ರೈಲಿನಂಗ..."

"ರೈಲು ಮುಂದ ಹೋಗತದಲ್ಲಪ್ಪಾ. ಇದು ಎಲ್ಲೂ ಹೋಗೋದಿಲ್ಲ. ಅಲ್ಲೇ ಇರತದ. ಬಿಟ್ಟ ಸೆಲ್‌ಗೂ ವಾಪಸ್ ತೊಗೊಳ್ಳಿಕ್ಕೆ ಹೆಚ್ಚು ಆಗೋದಿಲ್ಲ. ಮುಟ್ಟಿದ ಸೆಲ್ಲೂ ಅದನ್ನ ಇಟ್ಟುಕೊಳ್ಳೋದಿಲ್ಲ. ಬಾಜೂಕ ಇರೋದು ತೊಗೋಬೇಕು." ಇಷ್ಟನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಡುನಡುವೆ ನಿಂತಳು, ಕೈಯಲ್ಲಿ ಗಾಳಿಯನ್ನು ಹಿಡಿದಳು, ಒಮ್ಮೆ ಗುಜರಾತಿ ಶಬ್ದ ಬಂದು ಅದನ್ನು ನುಂಗಿಕೊಂಡಳು. ಭೀಮಸೇನನ ಕಣ್ಣು ಪರದೆಯ ಮೇಲಿತ್ತು, ಹಸಿರಿನ ಬೆರಗಿನಲ್ಲಿ ಅವನಿಗೆ ಬಾಯಿ ಹಾಕಲು ಮರೆತಿತ್ತು. ಅವಳು ಒಂದರ ಹಿಂದೆ ಒಂದು ವಾಕ್ಯವನ್ನು ಪೂರ್ತಿ ಮಾಡುತ್ತಿದ್ದಾಳೆ ಎಂಬುದು ಇಬ್ಬರಿಗೂ ಆಗ ಗೊತ್ತಾಗಲಿಲ್ಲ.

ನಕ್ಷತ್ರಕೋಶ ತೆಗೆದುಕೊಂಡದ್ದನ್ನು ಎಸೆಯುವುದಿಲ್ಲ ಎಂದೂ ಅವಳು ಹೇಳಿದಳು. ಒಳಗೆ ಒಯ್ದು ಅದನ್ನು ಬೇರೊಂದು ವಸ್ತುವಾಗಿ ಮಾಡಿ, ಅದರಲ್ಲಿ ಸುದ್ದಿಯ ಕಾವು ಇಲ್ಲದ ಹಾಗೆ ಮಾಡಿ, ಮೊದಲಿನ ನರಕೋಶಕ್ಕೇ ವಾಪಸು ಕೊಡುತ್ತದೆ. ಅದು ಮತ್ತೆ ಅದರಿಂದಲೇ ಹೊಸ ಮಾತು ಮಾಡಿಕೊಳ್ಳುತ್ತದೆ. "ಹಂಗಾರ ಕಸಾ ಅಲ್ಲ ಅದು" ಎಂದ ಭೀಮಸೇನ. "ನಾ ಅವತ್ತ ತಪ್ಪ ಅಂದೆ."

"ಕಸಾ ಅಂದದ್ದು ಛಲೋ ಇತ್ತಲ್ಲ" ಎಂದಳು ಪೂರ್ವಿ, ನಿಜವಾದ ಆಶ್ಚರ್ಯದಿಂದ. "ಎಲ್ಲರಿಗೂ ಹೇಳೀನಿ ನಾನು. ನಮ್ಮ ಪ್ರೊಫೆಸರ್‌ಗೂ ಹೇಳಿದೆ."

ಭೀಮಸೇನನ ಒಂದು ವಾರದ ತಪ್ಪಿತಸ್ಥತನ ಕಾಲೂರಲು ನೆಲವಿಲ್ಲದೆ ನಿಂತುಬಿಟ್ಟಿತು. ಹಾಗಾದರೆ ಯಾಕೆ ಮನೆ ಬಿಟ್ಟಳು, ಯಾಕೆ ಭಾಷಣ ಬೇಡವೆಂದಳು ಎಂದು ಕೇಳಬೇಕಿತ್ತು, ಕೇಳಲು ಹೆದರಿಕೆಯಾಯಿತು. ಪರದೆಯ ಮೇಲೆ ಮೊದಲ ತಟ್ಟೆ ಇನ್ನೂ ಮಿನುಗಿ ಆರುತ್ತಿತ್ತು. ಏನಾದರೂ ಮಾತು ಬೇಕಿತ್ತು. ಜೊತೆಗೆ ಅದು ನಿಜವಾಗಿಯೂ ಅವನ ತಲೆಯಲ್ಲಿ ಬಂದ ಪ್ರಶ್ನೆಯೇ ಆಗಿತ್ತು. "ಆರದಿದ್ರ ಸಾಯತಾವ, ಸರಿ. ಮತ್ತ ಆ ನಕ್ಷತ್ರಕೋಶ ಭಾಳ ಜಲ್ದಿ ತೊಗೊಂಡಬಿಟ್ರ? ಇನ್ನೂ ಆ ಕಡೆ ಮುಟ್ಟಿರದs ಇದ್ದಾಗ?"

ಪೂರ್ವಿ ಪರದೆಯನ್ನು ನಿಲ್ಲಿಸಿದಳು. ಹಸಿರು ಅರ್ಧ ಮಿನುಗಿದಲ್ಲೇ ನಿಂತಿತು.

"ಹಂಗಾದ್ರ ಆ ಕಡೆಗೆ ಏನೂ ಕೇಳಿಸೋದೇ ಇಲ್ಲ" ಎಂದಳು. "ಈ ಕಡೆಯದು ಮಾತಾಡೇ ಇಲ್ಲ ಅನಿಸತದ." ನಿಂತಳು. ಮತ್ತೆ ಶುರು ಮಾಡಿದಾಗ ದನಿ ಒಡೆದಿತ್ತು. "ನೀ ಹಂಗs ಮಾಡತಿ, ಅಪ್ಪಾ. ಯಾವಾಗಲೂ. ನಾ ಅವತ್ತು ಆ ಸೆಂಟೆನ್ಸು ಅಮ್ಮನ ಮುಂದ ಎಷ್ಟು ಸಲ ಹೇಳಿ ಹೇಳಿ ರೆಡಿ ಮಾಡಿದ್ದೆ. ಬರತಿತ್ತು ನನಗ. ಬಾಯಿ ತನಕ ಬಂದಿತ್ತು. ನೀ ಹೇಳಿಬಿಟ್ಟಿ. ಸಣ್ಣಾಕಿ ಇದ್ದಾಗಿನಿಂದ ನನ್ನ ಕನ್ನಡ ಎಲ್ಲಾ ನೀನs ಮಾತಾಡೀ. ಜನಾ ಅಂತಾರ, ಪೂರ್ವಿಗೆ ಕನ್ನಡ ಬರೋದಿಲ್ಲ. ಬರತದ, ಅಪ್ಪಾ. ಲೇಟಾಗಿ ಬರತದ."

ಏನೋ ಹೇಳಲು ಅವನ ಬಾಯಿ ತೆರೆದಿತ್ತು, ಮುಚ್ಚಿಕೊಂಡ. ಅಮ್ಮನ ಮುಂದೆ ಎಂದಳಲ್ಲ. ಹಾಗಾದರೆ ಕಮಲಾಕ್ಷಿಗೆ ಗೊತ್ತಿತ್ತು. ಈ ವಾರದಲ್ಲಿ ಅವಳು ಅಡುಗೆಮನೆಯಿಂದ, ಬಚ್ಚಲ ಬಾಗಿಲಿನಿಂದ, ಮಲಗುವ ಮುಂಚೆ, "ಅಕಿಗೆ ಬ್ಯಾಸರಾಗಿದ್ದು, ನೀವು..." ಎಂದು ಎಷ್ಟು ಸಲ ಶುರು ಮಾಡಿದ್ದಳು. ಪ್ರತಿ ಸಲ ಮಾತಿನ ಬಾಲ ನೋಡದೆ ಅವನೇ ಕೈ ಎತ್ತಿ ದಾರಿ ಖಾಲಿ ಎಂದಿದ್ದ. ಕಾವಲುಗಾರನಿಗೂ ಎಂದಿದ್ದ. ಇಡೀ ಸರ್ವಿಸಿನಲ್ಲಿ ಕೊನೆಯ ಬೋಗಿಯ ದೀಪ ನೋಡದೆ ಒಂದು ಗಾಡಿಯನ್ನೂ ಬಿಟ್ಟವನಲ್ಲ, ಮಳೆಯಲ್ಲಿ ನೆನೆದುಕೊಂಡು ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡಿ ಹೋಗಿ ನೋಡಿ ಬಂದವನು. ಡ್ಯೂಟಿ ಮುಗಿಸಿ ಮನೆಯ ಹೊಸ್ತಿಲು ದಾಟಿದ್ದೇ ಆ ನಿಯಮವನ್ನು ಟೋಪಿಯ ಜೊತೆ ಗೂಟಕ್ಕೆ ನೇತುಹಾಕುತ್ತಿದ್ದನೇ? ಎಷ್ಟು ಮಾತುಗಳ ಹಿಂದಿನ ಅರ್ಧ ಆ ಮನೆಯಲ್ಲಿ ಹಳಿಯ ಮೇಲೆಯೇ ನಿಂತಿವೆಯೋ. ಹುಡುಗಿ ತಡವರಿಸಿದರೆ ಅವನಿಗೆ ಜೀವ ಹೋದ ಹಾಗಾಗುತ್ತಿತ್ತು. ಪ್ರೀತಿಯಿಂದಲೇ ಶಬ್ದ ಕೊಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಜನರ ಮುಂದೆ ತನ್ನ ಮಗಳು ತಡವರಿಸುವುದು ತನಗೆ ಅವಮಾನ ಎಂದೂ ಇತ್ತು. ಅದನ್ನು ತನಗೆ ತಾನೇ ಹೇಳಿಕೊಂಡಾಗ ಅವನಿಗೆ ನಾಚಿಕೆಯಾಯಿತು.

"ಸೂರತ್ ಕಡೆ ಇದ್ದಾಗ" ಎಂದ ಕೊನೆಗೆ, "ಒಂದ ದಿನ ಗಾಡಿಯ ದೀಪ ನೋಡಿ ನೀ ಏನೋ ಹೇಳಲಿಕ್ಕೆ ಹೋಗಿ ಅತ್ತಿದ್ದಿ. ಏನಿತ್ತವಾ ಅದು?"

ಪೂರ್ವಿ ಕಣ್ಣೊರೆಸಿಕೊಂಡು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ಅವನು ಕಾದ. "ಗೊತ್ತಿಲ್ಲ, ಅಪ್ಪಾ" ಎಂದಳು. "ಅದು ಹೋತು." ಆಮೇಲೆ ಬುತ್ತಿ ಬಿಚ್ಚಿದಳು, ಲ್ಯಾಬಿನಲ್ಲಿ ತಿನ್ನಬಾರದೆಂದು ನೆನಪಾಗಿ ಮುಚ್ಚಿದಳು. ಇಬ್ಬರೂ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದರು. ಒಂದು ತುತ್ತಿನ ನಡುವೆ ಅವಳು ಅನಂತರಾಮರಿಗೆ ಫೋನು ಮಾಡಿ, ಭಜನೆ ಆಮೇಲೆ ಇಟ್ಟುಕೊಳ್ಳಿ, ಮೊದಲು ನಾನು ಮಾತಾಡುತ್ತೇನೆ ಎಂದಳು. ಫೋನು ಇಟ್ಟು, ಅಪ್ಪನ ಕಡೆ ನೋಡದೆ, "ಆದ್ರ ನೀ ಮುಂದ ಕೂಡಬ್ಯಾಡ. ಕೊನೇ ಸಾಲು. ಅಲ್ಲಿಂದ ನಿನ್ನ ದನಿ ನನಗ ಕೇಳೋದಿಲ್ಲ" ಎಂದಳು. ಆತ "ಆತು" ಎಂದ. ಇನ್ನೇನೋ ಸೇರಿಸಬೇಕೆನಿಸಿತು, ಸೇರಿಸಲಿಲ್ಲ.

ಸಂಜೆ ಅಲ್ಕಾಪುರಿಯ ಆ ಕೋಣೆಯಲ್ಲಿ ಎಂದಿಗಿಂತ ಜನ ಹೆಚ್ಚಿದ್ದರು, ಭಜನೆಗೆ ಬಂದವರೂ ಸೇರಿ. ಭೀಮಸೇನ ಕೊನೆಯ ಸಾಲಿನಲ್ಲಿ ಕಾಫಿಯ ಪಾತ್ರೆಯ ಪಕ್ಕ ಕೂತ. ಪಕ್ಕದಲ್ಲಿ ಕಮಲಾಕ್ಷಿ. ಅನಂತರಾಮ ಅವನನ್ನು ಮುಂದೆ ಕರೆದರು, "ಏನ್ ಸಾರ್, ಟ್ರಾನ್ಸ್‌ಲೇಟರೇ ಹಿಂದೆ ಕೂತ್ರೆ ಹೇಗೆ?" ಎಂದರು. ನಾಲ್ಕು ಜನ ನಕ್ಕರು. ಅವನು ಕೈ ಮುಗಿದು ಅಲ್ಲೇ ಕೂತ. ಪೂರ್ವಿ ಅಮ್ಮನ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಅದು ಅವಳನ್ನು ಇನ್ನಷ್ಟು ಚಿಕ್ಕವಳ ಹಾಗೆ ಕಾಣಿಸಿತು. ಮೊದಲ ಕೆಲವು ವಾಕ್ಯಗಳು ಸರಾಗವಾಗಿ ಬಂದವು. ಎರಡು ನರಗಳ ನಡುವಿನ ಸಂದು, ಅಲ್ಲಿ ಸುರಿಯುವ ರಸ, ಮುಟ್ಟುವ ಸುದ್ದಿ. ಮಕ್ಕಳು ಕೂಡ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಅವಳು ಆ ಜಾಗಕ್ಕೆ ಬಂದಳು.

"ಆಗ ಬಾಜೂಕ ಇರೋ ನಕ್ಷತ್ರಕೋಶ ಏನು ಮಾಡತದ ಅಂದ್ರ, ಆ ರಸಾನ್ನ... ಅದನ್ನ..."

ನಿಂತಳು. ಫ್ಯಾನು ತಿರುಗುತ್ತಿತ್ತು. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದೆ ತಿರುಗಿ ಭೀಮಸೇನನನ್ನು ನೋಡತೊಡಗಿದರು, ಅದು ಅವರಿಗೂ ರೂಢಿಯಾಗಿತ್ತು. ಅನಂತರಾಮರು ಹುಬ್ಬು ಹಾರಿಸಿ, ಕೊಡಿ ಸಾರ್, ಎಂದು ಸನ್ನೆ ಮಾಡಿದರು. ಶಬ್ದ ಅವನ ನಾಲಗೆಯ ಮೇಲೇ ಇತ್ತು. ಹೀರಿಕೊಳ್ಳುತ್ತದೆ. ಒಳ್ಳೆಯ ಶಬ್ದ, ಪುಸ್ತಕದ ಶಬ್ದ, ಈ ವಾರವೆಲ್ಲ ಓದಿದ್ದು. ಅದು ಹಲ್ಲಿನ ಹಿಂದೆ ಬಂದು ಬಡಿಯುತ್ತಿತ್ತು. ಅವನು ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದುಕೊಂಡ. ಯಾರೋ ಕೆಮ್ಮಿದರು. ಪೂರ್ವಿಯ ಕಣ್ಣು ಕೊನೆಯ ಸಾಲಿಗೆ ಬಂತು, ಅವನ ಮೇಲೆ ನಿಂತಿತು. ಅವನು ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡುತ್ತ ಕೂತ. ಇಷ್ಟು ಉದ್ದದ ಗಾಡಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

"ಒಳಗ ಕರಕೋತದ" ಎಂದಳು ಪೂರ್ವಿ.

ಬಾಗಲಕೋಟೆಯ ಒಬ್ಬ ಅಜ್ಜಿ, "ಹೌದವಾ, ಬಾಗಲದಾಗ ನಿಂದ್ರಸಬಾರದು" ಎಂದರು. ಪೂರ್ವಿ ನಕ್ಕಳು. "ಹೌದ್ರಿ, ಅಜ್ಜಿ. ನಮ್ಮ ಅಮ್ಮ ಹಂಗs ಅಂತಾಳ. ಬಂದವರನ್ನ ಬಾಗಲದಾಗ ನಿಂದ್ರಸಬ್ಯಾಡ, ಒಳಗ ಕರಕೋ ಅಂತ. ಈ ಸೆಲ್ಲೂ ಹಂಗs. ಒಳಗ ಕರಕೊಂಡು..." ಎಂದು ಮುಂದುವರಿಸಿದಳು. ಭೀಮಸೇನನಿಗೆ ತನ್ನ ಶಬ್ದ ನೆನಪಾಗಿ ನಗು ಬಂತು. ಅವನು ಕೊಟ್ಟುಬಿಟ್ಟಿದ್ದರೆ ಈ ಶಬ್ದ ಲೋಕಕ್ಕೆ ಬರುತ್ತಲೇ ಇರಲಿಲ್ಲ. ಹೀಗೆ ಬಾರದೆ ಹೋದವು ಇನ್ನೆಷ್ಟಿವೆಯೋ ಎಂದೂ ಅನಿಸಿ, ಕಣ್ಣು ತುಂಬಿತು. ಅದನ್ನು ಅವನು ಮರೆಮಾಡಲಿಲ್ಲ.

ಕಮಲಾಕ್ಷಿ ಅವನ ಕಡೆ ವಾಲಿ, ಸೆರಗಿನಿಂದ ಬಾಯಿ ಮರೆಮಾಡಿಕೊಂಡು, ಪಿಸುದನಿಯಲ್ಲಿ, "ನೋಡ್ರಿ, ನಾ ಆವಾಗಿಂದ ನಿಮಗ ಅದನ್ನs..." ಎಂದಳು. ಎಂದು, ಅಲ್ಲಿಗೆ ನಿಲ್ಲಿಸಿ, ಉಳಿದದ್ದಕ್ಕಾಗಿ ಅವನ ಮುಖ ನೋಡಿದಳು.

ಭೀಮಸೇನ ಏನೂ ಹೇಳಲಿಲ್ಲ.

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮೈಗೆ ಹುಷಾರಿಲ್ಲವೇನೋ ಎಂಬಂತೆ ಅವನ ಮೊಳಕೈ ಮುಟ್ಟಿದಳು.

"ಮುಂದ?" ಎಂದ ಅವನು.

"ಮುಂದಿಂದು ಹೇಳಿ ರೂಢೀನs ಇಲ್ಲಲ್ರೀ ನನಗ" ಎಂದಳು ಕಮಲಾಕ್ಷಿ. ಅವಳ ದನಿ ಗಾಬರಿಗೊಂಡಿತ್ತು. "ತಡೀರಿ."

ಅವನು ತಡೆದ.